ಮಿಲ್ಲಿಂಗ್‌ಗೂ ಒದಗುವ ಸಣ್ಣ ಲೇತ್

ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ದಾರಿಯಲ್ಲಿ ಸಿಗುವ ಗಬ್ಬೂರು ಹಳೆಯ ದೇಗುಲಗಳಿಗೂ ಶಾಸನಗಳಿಗೂ ಹೆಸರಾದ ಊರು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಈ ಸೀಮೆಯ ಶಿಲ್ಪಿಗಳು ಕಲ್ಲಿನ ಕಂಬವನ್ನು ತಿರುಗಿಸಿ ಕಡೆಯುವುದರಲ್ಲಿ ಎತ್ತಿದ ಕೈ. ನೆರೆಯ ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯದ ಕಂಬಗಳಲ್ಲಿ ಆ ಕಸುಬನ್ನು ಇಂದಿಗೂ ಓದಬಹುದು. ದುಂಡನೆಯ ಪಟ್ಟಿಗಳು, ಹೊಳಪಿನ ಏಣುಗಳು ಕಲ್ಲು ತಿರುಗುವಾಗ ಉಳಿ ಹಿಡಿದು ತೆಗೆದವು. ಚೌಕನೆಯ ಬುಡ, ಮೂಲೆ, ಮುಖಗಳು ಕಲ್ಲು ನಿಂತಿರುವಾಗ ಉಳಿ ನಡೆಸಿ ಮಾಡಿದವು. ಇಂದಿನ ಕಬ್ಬಿಣದ ಕೆಲಸದಲ್ಲೂ ಇದೇ ಎರಡು ಬಗೆ. ಲೇತ್‌ನಲ್ಲಿ ವಸ್ತು ತಿರುಗುತ್ತದೆ, ಟೂಲು ನಿಂತಿರುತ್ತದೆ. ಅದರಿಂದ ಶಾಫ್ಟು, ಬುಷ್ಷು, ಪಿನ್ನು, ಥ್ರೆಡ್ಡು ಹುಟ್ಟುತ್ತವೆ. ಮಿಲ್ಲಿಂಗ್‌ನಲ್ಲಿ ಕಟ್ಟರ್ ತಿರುಗುತ್ತದೆ, ವಸ್ತು ಅದರೆದುರು ಸರಿಯುತ್ತದೆ. ಅದರಿಂದ ಚಪ್ಪಟೆ ಮುಖ, ಗಾಡಿ (ಉದ್ದನೆಯ ತೋಡು), ಕೀ ಕೂರುವ ಕೀವೇ, ಗೇರಿನ ಹಲ್ಲು ಮೂಡುತ್ತವೆ. ಮನೆಯಲ್ಲೊಂದು ಸಣ್ಣ ಲೇತ್ ಇಟ್ಟುಕೊಳ್ಳಬೇಕೆನ್ನುವ ಹವ್ಯಾಸಿ ಮೊದಲನೆಯ ಕೆಲಸಕ್ಕೆಂದು ಯಂತ್ರ ಕೊಳ್ಳುತ್ತಾನೆ. ಕೊಂಡ ಕೆಲವೇ ದಿನಕ್ಕೆ ಎರಡನೆಯದೂ ಬೇಕೆನಿಸುತ್ತದೆ.

ಈ ಅಧ್ಯಾಯದ ವಾದ ಇಷ್ಟೆ: ಮುಂದೆಂದಾದರೂ ಮಿಲ್ಲಿಂಗ್ ಮಾಡುವ ಆಸೆಯಿದ್ದರೆ, ಲೇತನ್ನು ಆರಿಸುವಾಗ ತಿರುಗಣೆಯ ಕೆಲಸಕ್ಕೆ ಎಷ್ಟು ಬೇಕೆಂದು ನೋಡಬಾರದು, ಮಿಲ್ಲಿಂಗ್ ಎಷ್ಟು ಬೇಡುತ್ತದೆಂದು ನೋಡಬೇಕು. ಮಿಲ್ಲಿಂಗ್ ಜೋಡಣೆಯನ್ನು ಆಮೇಲೆ ಕೊಳ್ಳಬಹುದು. ಆದರೆ ಅದನ್ನು ಹೊರುವ ಮೈಯನ್ನು ಆಮೇಲೆ ಕೊಳ್ಳಲಾಗದು. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದ ಮೇಲೆ ದೇವದುರ್ಗದ ಕಡೆ ಭತ್ತ, ಹತ್ತಿಯ ಜೊತೆಗೆ ಟ್ರ್ಯಾಕ್ಟರು, ಪಂಪು, ಸ್ಪ್ರೇಯರುಗಳೂ ಹೆಚ್ಚಿವೆ. ಅತ್ತ ಮಾನ್ವಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯಿಂದಾಗಿ ಈ ಬದಲಾವಣೆ ಇನ್ನೂ ಹಳೆಯದು. ಯಂತ್ರ ಹೆಚ್ಚಿದಲ್ಲಿ ಸವೆದ ಬುಷ್ಷೂ ಮುರಿದ ಪಿನ್ನೂ ಹೆಚ್ಚು. ಐಟಿಐಯಲ್ಲಿ ಎರಡು ವರ್ಷ ಟರ್ನರ್ ಅಥವಾ ಮೆಷಿನಿಸ್ಟ್ ಕಲಿತು ಊರಿಗೆ ಮರಳಿದ ಹುಡುಗರಿಗೂ, ಮಾದರಿ ಎಂಜಿನ್ ಕಟ್ಟುವ ಗೀಳಿನ ಶಿಕ್ಷಕರಿಗೂ ಸಣ್ಣ ಲೇತ್ ಹುಡುಕಲು ಇಲ್ಲಿ ಕಾರಣಗಳು ಸಾಕಷ್ಟಿವೆ.

ಮಿಲ್ಲಿಂಗ್ ಏಕೆ ಹೆಚ್ಚು ಬೇಡುತ್ತದೆ? ಲೇತ್‌ನಲ್ಲಿ ತಿರುಗುವ ಕಬ್ಬಿಣ ಟೂಲನ್ನು ಮುಖ್ಯವಾಗಿ ಕೆಳಕ್ಕೆ ಒತ್ತುತ್ತದೆ. ಆ ಒತ್ತಡ ಟೂಲ್‌ಪೋಸ್ಟಿನಿಂದ ಕ್ರಾಸ್ ಸ್ಲೈಡಿಗೆ, ಅಲ್ಲಿಂದ ಕ್ಯಾರೇಜಿಗೆ, ಕೊನೆಗೆ ಬೆಡ್ಡಿಗೆ ಇಳಿಯುತ್ತದೆ. ಎಲ್ಲವೂ ಒಂದರ ಮೇಲೊಂದು ಅದುಮಿಕೊಂಡು ಕೂರುವುದರಿಂದ ಅಲ್ಪಸ್ವಲ್ಪ ಸಡಿಲು ಅಡಗಿಹೋಗುತ್ತದೆ. ಒತ್ತಡವೂ ಎಡೆಬಿಡದೆ ಒಂದೇ ಸಮ ಇರುತ್ತದೆ. ಮಿಲ್ಲಿಂಗ್‌ನಲ್ಲಿ ಇದೆಲ್ಲ ತಿರುವುಮುರುವು. ಕಟ್ಟರಿನ ಒಂದೊಂದು ಹಲ್ಲೂ ಬಂದು ಬಡಿದು ಹೋಗುತ್ತದೆ. ಎರಡು ಹಲ್ಲಿನ ಎಂಡ್ ಮಿಲ್ ನಿಮಿಷಕ್ಕೆ 1300 ಸುತ್ತು ತಿರುಗಿದರೆ ವಸ್ತುವಿಗೆ ನಿಮಿಷಕ್ಕೆ 2600 ಪೆಟ್ಟು. ಪೆಟ್ಟಿನ ದಿಕ್ಕು ಒಮ್ಮೆ ಪಕ್ಕಕ್ಕೆ, ಒಮ್ಮೆ ಮೇಲಕ್ಕೆ. ಮೇಲಕ್ಕೆ ಬಿದ್ದಾಗ ಕ್ಯಾರೇಜನ್ನು ಹಿಡಿದಿಡಲು ಅದರ ಸ್ವಂತ ತೂಕ ಮತ್ತು ಬೆಡ್ಡಿನ ಅಡಿಯಲ್ಲಿ ಬಿಗಿದ ಎರಡು ಪಟ್ಟಿಗಳ ಹೊರತು ಬೇರೇನೂ ಇರುವುದಿಲ್ಲ. ತಿರುಗಣೆಯ ಕೆಲಸದಲ್ಲಿ ಕಾಣದೆ ಉಳಿದ ಸಡಿಲೆಲ್ಲ ಮಿಲ್ಲಿಂಗ್‌ನಲ್ಲಿ ನಡುಕವಾಗಿ, ಗೀರಾಗಿ, ಮುರಿದ ಕಟ್ಟರಾಗಿ ಹೊರಬೀಳುತ್ತದೆ.

ಹೀಗಿರುವಾಗ ಅಂಗಡಿಯವರು ಮೊದಲು ಹೇಳುವ ಅಳತೆ ನಮಗೆ ಹೆಚ್ಚೇನೂ ತಿಳಿಸುವುದಿಲ್ಲ. ಆ ಅಳತೆ ಸ್ವಿಂಗ್, ಅಂದರೆ ಬೆಡ್ಡಿನ ಮೇಲೆ ತಿರುಗಬಲ್ಲ ಅತಿ ದೊಡ್ಡ ವ್ಯಾಸ. ಇಂದು ಹೆಚ್ಚಾಗಿ ಸಿಗುವ ಚೀನಾ ತಯಾರಿಕೆಯ ಮಿನಿ ಲೇತ್‌ನ ಸ್ವಿಂಗ್ ಸುಮಾರು 180 ಮಿ.ಮೀ., ತೂಕ 40 ಕಿಲೋ ಆಸುಪಾಸು. 1946ರಲ್ಲಿ ಮಾರುಕಟ್ಟೆಗೆ ಬಂದು ಇಂಗ್ಲೆಂಡಿನ ಹವ್ಯಾಸಿಗಳ ಮನೆಮಾತಾದ ಮೈಫರ್ಡ್ ಎಂಎಲ್7 ಲೇತ್‌ನ ಸ್ವಿಂಗ್ ಕೂಡ ಏಳು ಇಂಚು, ಎಂದರೆ ಹೆಚ್ಚುಕಡಿಮೆ ಅಷ್ಟೇ. ತೂಕ ಮಾತ್ರ ಎರಡು ಪಟ್ಟಿಗೂ ಮೇಲೆ. ಅದರ ಕ್ರಾಸ್ ಸ್ಲೈಡಿನ ಮೇಲೆ ಉದ್ದಕ್ಕೂ ಟಿ ಆಕಾರದ ಗಾಡಿಗಳಿವೆ, ಬೇಕಾದ ಸಾಮಾನನ್ನು ಬೋಲ್ಟು ಹಾಕಿ ಬಿಗಿಯಲು. ಮೂರು ತಲೆಮಾರಿನ ಹವ್ಯಾಸಿಗಳು ಆ ಪುಟ್ಟ ಯಂತ್ರದಲ್ಲಿ ಮಿಲ್ಲಿಂಗ್ ಮಾಡುತ್ತ ಬಂದದ್ದಕ್ಕೆ ಕಾರಣ ಸ್ವಿಂಗ್ ಅಲ್ಲ, ಆ ತೂಕ ಮತ್ತು ಆ ಗಾಡಿಗಳು. ಆದ್ದರಿಂದ ಕೊಳ್ಳುವವರು ತೂಕ ಎಷ್ಟು, ಕ್ರಾಸ್ ಸ್ಲೈಡಿನ ಮೇಲೆ ಗಾಡಿಯಿದೆಯೇ, ಅದು ಎಷ್ಟು ದೂರ ಸರಿಯುತ್ತದೆ, ಕ್ಯಾರೇಜನ್ನು ಅಲುಗದಂತೆ ಬಿಗಿಯುವ ಲಾಕ್ ಇದೆಯೇ, ಕ್ಯಾರೇಜನ್ನು ಸರಿಸುವ ಲೀಡ್ ಸ್ಕ್ರೂ ತುದಿಗೆ ಕೈಚಕ್ರ ಹಾಕಬಹುದೇ ಎಂದು ಕೇಳಬೇಕು. ಕೊನೆಯದು ಕ್ಷುಲ್ಲಕವೆನಿಸಿದರೂ ಅಲ್ಲ. ಅದೇಕೆ ಎಂಬುದು ಒಂದು ಕೆಲಸವನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ.

25 ಮಿ.ಮೀ. ಶಾಫ್ಟಿಗೆ ಪುಲ್ಲಿ ಕೂರಿಸಲು 40 ಮಿ.ಮೀ. ಉದ್ದದ ಕೀವೇ ಬೇಕೆನ್ನಿ. ಈ ವ್ಯಾಸಕ್ಕೆ ರೂಢಿಯ ಕೀ 8 ಮಿ.ಮೀ. ಅಗಲ, 7 ಮಿ.ಮೀ. ಎತ್ತರ; ಶಾಫ್ಟಿನಲ್ಲಿ ಗಾಡಿಯ ಆಳ 4 ಮಿ.ಮೀ. ಲೇತ್‌ನ ಟೂಲ್‌ಪೋಸ್ಟು ಮತ್ತು ಅದರಡಿಯ ಸಣ್ಣ ಸ್ಲೈಡನ್ನು ಬಿಚ್ಚಿ ಪಕ್ಕಕ್ಕಿಟ್ಟು, ಆ ಜಾಗದಲ್ಲಿ ವರ್ಟಿಕಲ್ ಸ್ಲೈಡ್ ಎಂಬ ಜೋಡಣೆಯನ್ನು ಬೋಲ್ಟು ಹಾಕಬೇಕು. ಅದು ವಸ್ತುವನ್ನು ಮೇಲೆ ಕೆಳಗೆ ಸರಿಸುತ್ತದೆ. ಶಾಫ್ಟನ್ನು ಅದರ ಮೇಲೆ ಅಡ್ಡಲಾಗಿ ಬಿಗಿದು, ಸ್ಪಿಂಡಲ್ಲಿನಲ್ಲಿ 6 ಮಿ.ಮೀ. ಎಂಡ್ ಮಿಲ್ ಹಿಡಿಸಬೇಕು. ಹೈಸ್ಪೀಡ್ ಸ್ಟೀಲಿನ ಕಟ್ಟರಿಗೆ ಮೆದು ಉಕ್ಕಿನಲ್ಲಿ ನಿಮಿಷಕ್ಕೆ 25 ಮೀಟರ್ ವೇಗ ಸರಿ. ಲೆಕ್ಕ ಹಾಕಿದರೆ ಸುಮಾರು 1300 ಸುತ್ತು. ಒಂದೊಂದು ಹಲ್ಲಿಗೆ 0.02 ಮಿ.ಮೀ. ಕೊಟ್ಟರೆ ನಿಮಿಷಕ್ಕೆ 52 ಮಿ.ಮೀ. ನಡಿಗೆ. ಹೀಗೆ ಕ್ರಾಸ್ ಸ್ಲೈಡಿನ ಕೈಚಕ್ರವನ್ನು ನಿಧಾನವಾಗಿ ತಿರುಗಿಸಿದರೆ ಒಂದು ಸಲ ಹಾಯಲು ಒಂದು ನಿಮಿಷವೂ ಬೇಡ. ಸಲಕ್ಕೆ ಅರ್ಧ ಮಿ.ಮೀ. ಆಳದಂತೆ ಎಂಟು ಸಲ. ಆಮೇಲೆ ವರ್ಟಿಕಲ್ ಸ್ಲೈಡನ್ನು ಮೇಲೆ ಒಂದು, ಕೆಳಗೆ ಒಂದು ಮಿ.ಮೀ. ಸರಿಸಿ ಅಗಲವನ್ನು ಎಂಟಕ್ಕೆ ತರಬೇಕು. ಈ ಕೊನೆಯ ಸುತ್ತಿನಲ್ಲಿ ಕೀಯನ್ನು ಪದೇ ಪದೇ ಇಟ್ಟು ನೋಡುತ್ತ ಬಿಗಿಯನ್ನು ಹದಕ್ಕೆ ತರಬಹುದು. ಮೊದಲೇ 8 ಮಿ.ಮೀ. ಕಟ್ಟರ್ ಹಾಕಿದರೆ ಆ ಹದ ಕೈತಪ್ಪುತ್ತದೆ, ಯಾಕೆಂದರೆ ಕಟ್ಟರ್ ಬಾಗಿ ಗಾಡಿ ತುಸು ಅಗಲವಾಗಿಬಿಡುತ್ತದೆ. ಗಮನಿಸಬೇಕಾದದ್ದು ಆಳದ ವಿಷಯ. ಇಲ್ಲಿ ಆಳ ಕೊಡುವುದು ಕ್ಯಾರೇಜಿನ ಚಲನೆ. ಕ್ಯಾರೇಜಿನ ಮಾಮೂಲಿ ಕೈಚಕ್ರ ಒಂದು ಸುತ್ತಿಗೆ ಬಹುದೂರ ಓಡುತ್ತದೆ. ಅದರಿಂದ ಅರ್ಧ ಮಿ.ಮೀ. ಅಳೆದು ಕೊಡಲಾಗದು. ಲೀಡ್ ಸ್ಕ್ರೂ ತುದಿಯಲ್ಲಿ ಗೆರೆ ಹಾಕಿದ ಕೈಚಕ್ರ ಇದ್ದರೆ ಅದೇ ಆಳದ ಅಳತೆಗೋಲಾಗುತ್ತದೆ. ಆಳ ಕೊಟ್ಟ ಮೇಲೆ ಕ್ಯಾರೇಜನ್ನು ಲಾಕ್ ಮಾಡದಿದ್ದರೆ ಮೇಲಿನ ಲೆಕ್ಕವೆಲ್ಲ ನೀರಿನಲ್ಲಿ ಹೋಮ.

ಕಟ್ಟರನ್ನು ಹೇಗೆ ಹಿಡಿಸುವುದು ಎಂಬಲ್ಲಿ ಹಲವರು ಎಡವುತ್ತಾರೆ. ಲೇತ್‌ನೊಂದಿಗೆ ಬಂದ ಮೂರು ದವಡೆಯ ಚಕ್ಕಿನಲ್ಲಿ ಎಂಡ್ ಮಿಲ್ಲನ್ನು ಕಚ್ಚಿಸಿದರೆ, ಗಟ್ಟಿಮಾಡಿದ ನುಣುಪು ಹಿಡಿಯ ಮೇಲೆ ದವಡೆಗಳಿಗೆ ಪೂರ್ತಿ ಪಟ್ಟು ಸಿಗುವುದಿಲ್ಲ; ಕಟ್ಟರಿನ ಸುರುಳಿ ಅದನ್ನು ಮೆಲ್ಲಗೆ ಹೊರಕ್ಕೆಳೆದು ವಸ್ತುವಿನೊಳಕ್ಕೆ ನುಗ್ಗಿಸುತ್ತದೆ. ಕೋಲೆಟ್ ಬೇಕೇ ಬೇಕು: ಸ್ಪಿಂಡಲ್ಲಿನ ಮೋರ್ಸ್ ಟೇಪರಿನಲ್ಲಿ ಕೂತು ಹಿಂದಿನಿಂದ ಉದ್ದ ಬೋಲ್ಟಿನಿಂದ ಎಳೆದು ಬಿಗಿಯುವಂಥದ್ದು, ಇಲ್ಲವೆ ಇಆರ್ ಮಾದರಿಯ ಕೋಲೆಟ್ ಚಕ್. ಡ್ರಿಲ್ಲಿಂಗ್ ಮಷಿನ್ನಿಗೆ ಸರಿಯುವ ವೈಸ್ ಹಾಕಿ ಮಿಲ್ಲಿಂಗ್ ಮಾಡಬಾರದೇಕೆ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಡ್ರಿಲ್ ಚಕ್ ನೇರ ಒತ್ತಡಕ್ಕೆಂದು ಬರೀ ಟೇಪರಿನ ಹಿಡಿತದಲ್ಲಿ ನಿಂತಿರುತ್ತದೆ. ಪಕ್ಕದ ಪೆಟ್ಟು ಬಿದ್ದರೆ ತಿರುಗುತ್ತಲೇ ಕಳಚಿ ಬೀಳಬಹುದು. ಕಟ್ಟರ್ ಹೊರಚಾಚುವ ಉದ್ದವೂ ಆದಷ್ಟು ಕಡಿಮೆ ಇರಲಿ. ಚಾಚು ಎರಡು ಪಟ್ಟಾದರೆ ಬಾಗುವುದು ಎಂಟು ಪಟ್ಟು. ಈ ನಿಯಮ ವರ್ಟಿಕಲ್ ಸ್ಲೈಡಿಗೂ ಸಲ್ಲುತ್ತದೆ: ಅದನ್ನು ಕ್ರಾಸ್ ಸ್ಲೈಡಿನ ಮೇಲೆ ನೇರ ಬಿಗಿಯದೆ ಮೇಲಿನ ಸಣ್ಣ ಸ್ಲೈಡಿನ ಮೇಲೇರಿಸಿದರೆ ಒಂದು ಕೀಲು ಹೆಚ್ಚಾಗುತ್ತದೆ, ಬಿಗಿ ಕಡಿಮೆಯಾಗುತ್ತದೆ.

ಇಷ್ಟೆಲ್ಲ ಗೋಜೇಕೆ, ಲೇತ್ ಬೆಡ್ಡಿನ ಹಿಂದೆ ಕಂಬ ನಿಲ್ಲಿಸಿ ಮಿಲ್ಲಿಂಗ್ ತಲೆ ಕೂರಿಸಿದ ಜೋಡಿ ಯಂತ್ರಗಳೇ ಸಿಗುತ್ತವಲ್ಲ ಎಂಬುದು ಮೊದಲ ಆಕ್ಷೇಪ. ಜಾಗ ಉಳಿಯುತ್ತದೆ, ಕೆಲಸ ಮೇಲಿನಿಂದ ಕಣ್ಣಿಗೆ ಕಾಣುತ್ತದೆ, ಬಿಚ್ಚಿ ಜೋಡಿಸುವ ರಗಳೆ ಕಡಿಮೆ. ಇವೆಲ್ಲ ನಿಜ. ಅಲ್ಯುಮಿನಿಯಂ, ಹಿತ್ತಾಳೆ, ಪ್ಲಾಸ್ಟಿಕ್ಕಿನಷ್ಟಕ್ಕೆ ಅಂಥ ಯಂತ್ರ ಸಾಲುತ್ತದೆ. ಆದರೆ ತೆಳು ಕಂಬದಿಂದ ಮುಂದಕ್ಕೆ ಚಾಚಿದ ತಲೆಗೆ ಆಗಲೇ ಹೇಳಿದ ಎಂಟು ಪಟ್ಟಿನ ಲೆಕ್ಕ ತಗಲುತ್ತದೆ. ಅಲ್ಲಿಯೂ ಮೇಜಾಗುವುದು ಲೇತ್‌ನ ಕ್ರಾಸ್ ಸ್ಲೈಡೇ ಆದ್ದರಿಂದ, ಸರಿಯುವ ದೂರ ವರ್ಟಿಕಲ್ ಸ್ಲೈಡಿನಲ್ಲಿ ಇದ್ದಷ್ಟೇ. ಲೇತ್‌ನ ಸ್ಪಿಂಡಲ್ಲೇ ಆ ಯಂತ್ರದ ಅತ್ಯಂತ ಗಟ್ಟಿಯಾದ ಭಾಗ. ಕಟ್ಟರನ್ನು ಅದರಲ್ಲೇ ಹಿಡಿಸುವ ಪದ್ಧತಿಗೆ ಈ ಅನುಕೂಲವಿದೆ. ಅದೇ ಹಣದಲ್ಲಿ ಜೋಡಿ ಯಂತ್ರಕ್ಕಿಂತ ತೂಕದ ಬರೀ ಲೇತ್ ಸಿಗುವುದಾದರೆ ಲೇತೇ ಮೇಲು.

ಎರಡನೆಯ ಆಕ್ಷೇಪ ಇದರ ವಿರುದ್ಧ ದಿಕ್ಕಿನದು. ತೂಕವೇ ಮುಖ್ಯವೆಂದರೆ ಹಳೆಯ ದೊಡ್ಡ ಲೇತನ್ನೇ ತಂದರಾಯಿತಲ್ಲ? ಕರ್ನಾಟಕದಲ್ಲಿ ಈ ಮಾತಿಗೆ ಬೆಲೆಯಿದೆ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಬೆಂಗಳೂರಿನಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ನೆರವಿನಿಂದ ಎಚ್‌ಎಂಟಿ ಆರಂಭವಾದವು. ಅವುಗಳ ಲೇತ್‌ಗಳು ಇಂದಿಗೂ ಕೈಯಿಂದ ಕೈಗೆ ದಾಟುತ್ತಿವೆ. ಬೆಡ್ಡು ಸವೆಯದ ಅಂಥ ಯಂತ್ರ ಸಿಕ್ಕಿ, ಜಾಗವಿದ್ದರೆ ಬಿಡಬೇಕಾಗಿಲ್ಲ. ಆದರೆ ಅವು ಟನ್ನುಗಟ್ಟಲೆ ತೂಗುವ ಕಾರ್ಖಾನೆಯ ಯಂತ್ರಗಳು. ಮನೆಯ ಗಚ್ಚಿನ ನೆಲ ತಡೆಯದು, ಮೂರು ಫೇಸಿನ ಕರೆಂಟು ಬೇಕು. ಹಳ್ಳಿಯ ಮನೆಗೆ ಬರುವುದು ಸಾಮಾನ್ಯವಾಗಿ ಒಂದೇ ಫೇಸು, ಹೊಲದ ಪಂಪಿಗೆ ಮೂರು ಫೇಸು ಬರುವುದು ದಿನದಲ್ಲಿ ಕೆಲವೇ ತಾಸು. ಸಣ್ಣ ಮೂರು ಫೇಸಿನ ಮೋಟರಾದರೆ ಇದಕ್ಕೆ ದಾರಿಯಿದೆ: ಮೋಟರಿನ ತಂತಿಗಳನ್ನು ಡೆಲ್ಟಾ ಜೋಡಣೆಗೆ ಬದಲಿಸಿ, ಮನೆಯ 230 ವೋಲ್ಟಿನಿಂದಲೇ ಮೂರು ಫೇಸು ಕೊಡುವ ಡ್ರೈವ್ ಹಾಕಬಹುದು. ವೇಗವನ್ನು ಬೇಕಾದಂತೆ ಬದಲಿಸುವ ಅನುಕೂಲವೂ ಅದರೊಂದಿಗೆ ಬರುತ್ತದೆ. ಆ ಅನುಕೂಲ ಬೇಕಾದದ್ದೇ. 100 ಮಿ.ಮೀ. ಉಕ್ಕನ್ನು ತಿರುಗಿಸಲು 80 ಸುತ್ತು, 6 ಮಿ.ಮೀ. ಕಟ್ಟರಿಗೆ 1300 ಸುತ್ತು ಎಂಬಷ್ಟು ಅಂತರವನ್ನು ಒಂದೇ ಯಂತ್ರ ತುಂಬಬೇಕಾಗಿದೆ. ಆದರೆ ಡ್ರೈವ್ ವೇಗ ತಗ್ಗಿಸಿದಾಗ ಮೋಟರಿನ ಶಕ್ತಿಯೂ ತಗ್ಗುತ್ತದೆ. ಬೆಲ್ಟು ಅಥವಾ ಬ್ಯಾಕ್ ಗೇರು ಇದ್ದರೆ ಮಾತ್ರ ಕೆಳವೇಗದಲ್ಲಿ ಶಕ್ತಿ ಉಳಿಯುತ್ತದೆ.

ರಾಯಚೂರಿನಲ್ಲಿ ವರ್ಕ್‌ಶಾಪುಗಳಿರುವಾಗ ಮನೆಯಲ್ಲಿ ಮಿಲ್ಲಿಂಗ್ ಏಕೆ ಎನ್ನುವವರೂ ಇದ್ದಾರೆ. ವರ್ಷಕ್ಕೊಂದು ಕೀವೇ ಬೇಕಾದರೆ ಏನೂ ಬೇಡ, ಅಲ್ಲಿಗೇ ಕೊಂಡೊಯ್ಯುವುದು ಜಾಣತನ. ಟ್ರ್ಯಾಕ್ಟರಿನ ಆಕ್ಸಲ್ಲು, ಅಕ್ಕಿ ಗಿರಣಿಯ ಶಾಫ್ಟು ಸಣ್ಣ ಯಂತ್ರದ ಕೆಲಸವೇ ಅಲ್ಲ. ಪುಲ್ಲಿಯ ಒಳಗಿನ ಕೀವೇ ಕೂಡ ಮಿಲ್ಲಿಂಗ್‌ನಿಂದ ಆಗುವುದಿಲ್ಲ. ಸ್ಪಿಂಡಲ್ಲನ್ನು ತಿರುಗದಂತೆ ನಿಲ್ಲಿಸಿ, ಟೂಲನ್ನು ಕ್ಯಾರೇಜಿನಿಂದ ಹಿಂದೆ ಮುಂದೆ ಎಳೆದು ಕೆರೆಯಬೇಕು. ಇನ್ನೊಂದು ತುದಿಯಲ್ಲಿ, ತಿರುಗಣೆಗಿಂತ ಚಪ್ಪಟೆ ಕೆಲಸವೇ ಹೆಚ್ಚಿರುವವರು ಈ ಅಧ್ಯಾಯದ ಸಲಹೆಯನ್ನು ಬದಿಗಿಟ್ಟು ಬೇರೆ ಮಿಲ್ಲಿಂಗ್ ಯಂತ್ರವನ್ನೇ ಕೊಳ್ಳಲಿ. ಇವೆರಡರ ನಡುವೆ ಇರುವವರೇ ಹೆಚ್ಚು: ಹತ್ತು ಕೆಲಸದಲ್ಲಿ ಎಂಟು ದುಂಡಗಿನವು, ಎರಡಕ್ಕೆ ಒಂದು ಗಾಡಿ, ಒಂದು ಚಪ್ಪಟೆ ಮುಖ. ಅವರಿಗೆ ವರ್ಟಿಕಲ್ ಸ್ಲೈಡ್ ಸಾಕು.

ಕೊಳ್ಳುವ ಮುನ್ನ ಯಂತ್ರವನ್ನು ಓಡಿಸಿ ನೋಡಲು ಕೇಳಬೇಕು, ಬರೀ ಓಡುವ ಸದ್ದು ಕೇಳಿ ಒಪ್ಪಬಾರದು. 25 ಮಿ.ಮೀ. ಮೆದು ಉಕ್ಕಿನ ಸರಳೊಂದನ್ನು ಚಕ್ಕಿನಿಂದ 100 ಮಿ.ಮೀ. ಹೊರಗೆ ಚಾಚಿ, ಟೇಲ್ ಸ್ಟಾಕಿನ ಆಸರೆಯಿಲ್ಲದೆ ಹಗುರವಾಗಿ ಕಡೆದು, ತಣಿಯಲು ಬಿಟ್ಟು ಎರಡೂ ತುದಿ ಅಳೆಯಲಿ. ತಣಿಯಲು ಬಿಡಬೇಕೆಂಬುದು ನಲವತ್ತು ಡಿಗ್ರಿ ದಾಟುವ ಈ ಸೀಮೆಯ ಬೇಸಿಗೆಯಲ್ಲಿ ಇನ್ನೂ ಮುಖ್ಯ: 20 ಡಿಗ್ರಿ ಹೆಚ್ಚು ಕಾದ 100 ಮಿ.ಮೀ. ಉಕ್ಕು ಸುಮಾರು 0.02 ಮಿ.ಮೀ. ಬೆಳೆಯುತ್ತದೆ. ಎರಡು ತುದಿಯ ಅಂತರ ಹೆಚ್ಚಿದ್ದರೆ ಹೆಡ್ ಸ್ಟಾಕ್ ಬೆಡ್ಡಿಗೆ ನೇರವಿಲ್ಲ, ಇಲ್ಲವೇ ಸರಳೇ ಬಾಗುತ್ತಿದೆ. ಆಮೇಲೆ ಅದೇ ಸರಳನ್ನು ಚಕ್ಕಿನ ಬಳಿ ಪಾರ್ಟಿಂಗ್ ಟೂಲಿನಿಂದ ಕತ್ತರಿಸಲು ಹೇಳಿ. ಕಿರಿದಾದ ಆ ಟೂಲು ಸಡಿಲನ್ನು ಒಂದಿಷ್ಟೂ ಸಹಿಸದು. ಉಕ್ಕು ಕಿರುಗುಡದೆ, ಅದುರದೆ, ಸುರುಳಿ ಸುರುಳಿಯಾಗಿ ಬಿಚ್ಚಿ ಕತ್ತರಿಸಿದರೆ ಆ ಲೇತ್ ಮಿಲ್ಲಿಂಗ್‌ನ ಪೆಟ್ಟನ್ನೂ ತಾಳುವ ಸಂಭವ ಹೆಚ್ಚು. ಸ್ಲೈಡಿನ ಸಡಿಲು ತೆಗೆಯುವ ಗಿಬ್ಬು ಪಟ್ಟಿಯನ್ನು ಬಿಗಿದು ನೋಡಿದ ಮೇಲೂ ಕಿರುಗುಟ್ಟಿ ನಿಂತರೆ, ಜೊತೆಗೆ ಎಷ್ಟು ಜೋಡಣೆಗಳನ್ನು ಪುಕ್ಕಟೆ ಕೊಟ್ಟರೂ ಅದನ್ನು ಅಲ್ಲೇ ಬಿಟ್ಟು ಬರುವುದು ಲೇಸು.