ಜೀವಕೋಶದ ಹಕ್ಕಲು

ಬೈಲಹೊಂಗಲ, ಸವದತ್ತಿ ಕಡೆಯ ಎರೆಹೊಲಗಳಲ್ಲಿ ಬಿಳಿಜೋಳದ ಸುಗ್ಗಿ ಮುಗಿದ ಮೇಲೆ ಹೆಣ್ಣುಮಕ್ಕಳು ಉಡಿ ಕಟ್ಟಿಕೊಂಡು ಹಕ್ಕಲು ಆಯಲು ಹೋಗುತ್ತಿದ್ದರು. ಕೊಯ್ದವರ ಕಣ್ಣಿಗೆ ಬೀಳದ ಗಿಡ್ಡ ತೆನೆಗಳು ನೆಲದ ಬಿರುಕಿನಲ್ಲಿ ಸಿಕ್ಕಿರುತ್ತಿದ್ದವು. ಒಂದನ್ನು ಎತ್ತಿ ಅಂಗೈಯಲ್ಲಿ ತಿಕ್ಕಿ, ಉಫ್ ಎಂದು ಹೊಟ್ಟು ಊದಿದರೆ ನಾಲ್ಕಾರು ಕಾಳು ಉಳಿಯುತ್ತಿದ್ದವು. ಜೀವವಿಜ್ಞಾನದಲ್ಲಿ ಈಗ ನಡೆದಿರುವುದೂ ಇಂಥದೇ ಕೆಲಸ.

ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳೆಂಬ ಮಣಿಗಳ ಸರ. ಅದನ್ನು ಪೋಣಿಸುವ ಸೂಚನೆ ಡಿಎನ್‌ಎಯಲ್ಲಿದೆ. ಮನುಷ್ಯನ ಡಿಎನ್‌ಎಯ ಸುಮಾರು 300 ಕೋಟಿ ಅಕ್ಷರಗಳಲ್ಲಿ ಇಂಥ ಸೂಚನೆಗಳು, ಅಂದರೆ ಜೀನ್‌ಗಳು, 20,000ದಷ್ಟು ಎಂದು ಕಂಪ್ಯೂಟರ್‌ಗಳಲ್ಲಿ ಲೆಕ್ಕ ಹಾಕುವಾಗ, 100 ಮಣಿಗಿಂತ ಗಿಡ್ಡ ಸರಗಳನ್ನು ಬಹುಮಟ್ಟಿಗೆ ಕೈಬಿಟ್ಟರು. ಹಾಗೆ ಸಾಣಿಗೆ ಹಿಡಿಯದಿದ್ದರೆ ರಾಶಿಯ ತುಂಬ ಜೊಳ್ಳೇ ಇರುತ್ತಿತ್ತು. ಆದರೆ ಜೊಳ್ಳಿನ ಜೊತೆ ಗಟ್ಟಿಕಾಳೂ ಹೋಯಿತು.

ಅದನ್ನು ಆಯ್ದವರಲ್ಲಿ ನಮ್ಮ ಬೆಂಗಳೂರಿನವರೂ ಇದ್ದಾರೆ. ವೈಟ್‌ಫೀಲ್ಡ್‌ನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಮತ್ತು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಖಿಲೇಶ್ ಪಾಂಡೆಯವರ ನೇತೃತ್ವದಲ್ಲಿ ಮನುಷ್ಯನ 30 ಬಗೆಯ ಅಂಗಾಂಶ ಹಾಗೂ ಜೀವಕೋಶಗಳ ಪ್ರೋಟೀನ್‌ಗಳನ್ನು ತುಂಡರಿಸಿ, ತೂಗಿ ಗುರುತಿಸಿದರು. 2014ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಆ ವರದಿಯಲ್ಲಿ 17,294 ಜೀನ್‌ಗಳ ಪ್ರೋಟೀನ್‌ಗಳಿದ್ದವು. ನನ್ನ ಮನಸ್ಸು ಹಿಡಿದಿಟ್ಟದ್ದು ಇನ್ನೊಂದು ಅಂಕಿ: ಪ್ರೋಟೀನ್ ಹುಟ್ಟಲಾರದು ಎಂದು ಬಿಟ್ಟಿದ್ದ ಜಾಗಗಳಿಂದ ಬಂದ 193 ಹೊಸ ಪ್ರೋಟೀನ್‌ಗಳು. ಅವರ ಕೆಲವು ಗುರುತುಗಳನ್ನು ಬೇರೆ ವಿಜ್ಞಾನಿಗಳು ಪ್ರಶ್ನಿಸಿದ್ದೂ ಉಂಟು. ಇಂಥ ಕೆಲಸದಲ್ಲಿ ಅದು ಆಗಬೇಕಾದದ್ದೇ.

ಲೆಕ್ಕದಿಂದ ಕೈಬಿಟ್ಟಿದ್ದಂಥ ಗಿಡ್ಡ ಪ್ರೋಟೀನ್ ಮಾಡುವುದಾದರೂ ಏನು? ಭರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡ ಏರುವ ಚಕ್ಕಡಿಯ ಎತ್ತಿನ ತೊಡೆ ನೋಡಿ. ಹೆಜ್ಜೆಗೊಮ್ಮೆ ಬಿಗಿಯುತ್ತದೆ, ಸಡಿಲಾಗುತ್ತದೆ. ಸ್ನಾಯುವಿನ ಎಳೆಗಳಿಗೆ ಕ್ಯಾಲ್ಸಿಯಂ ಹರಿದರೆ ಬಿಗಿ. ಅದನ್ನು ಒಂದು ಪಂಪು ಮರಳಿ ಉಗ್ರಾಣಕ್ಕೆ ತುಂಬಿದರೆ ಸಡಿಲು. ನಮ್ಮ ಮೈಯಲ್ಲೂ ಇದೇ ಏರ್ಪಾಡು. 2015ರಲ್ಲಿ ಅಮೆರಿಕದ ಎರಿಕ್ ಓಲ್ಸನ್ ತಂಡ ಈ ಪಂಪಿಗೆ ಮೂಗುದಾಣದಂತಿರುವ, ಕೇವಲ 46 ಮಣಿಗಳ ಮಯೋರೆಗ್ಯುಲಿನ್ ಎಂಬ ಪ್ರೋಟೀನನ್ನು ಕಂಡುಹಿಡಿಯಿತು. ಅದನ್ನು ತೆಗೆದ ಇಲಿಗಳು ಹೆಚ್ಚು ದೂರ ಓಡಿದವು. ಮರುವರ್ಷವೇ 34 ಮಣಿಗಳ ಡ್ವಾರ್ಫ್ ಎಂಬ ಇನ್ನೊಂದು ಪ್ರೋಟೀನ್ ಸಿಕ್ಕಿತು. ಇದರ ಕೆಲಸ ತಿರುವುಮುರುವು: ದಾಣ ಜಗ್ಗುವವರ ಕೈ ಸರಿಸಿ ಪಂಪಿಗೆ ಬಿರುಸು ಕೊಡುತ್ತದೆ. ರಕ್ತ ಸಾಲದೆ ಸೋತ ಮನುಷ್ಯರ ಹೃದಯಗಳಲ್ಲಿ ಡ್ವಾರ್ಫ್‌ನ ಸೂಚನೆ ಹೊತ್ತು ತರುವ ಆರ್‌ಎನ್‌ಎ ಕಡಿಮೆಯಾಗಿತ್ತು. ಹೃದಯದ ಕಾಯಿಲೆಯಿದ್ದ ಇಲಿಗಳಿಗೆ ಅದರ ಜೀನನ್ನು ಸೇರಿಸಿದಾಗ ಬಡಿತಕ್ಕೆ ಬಲ ಬಂದದ್ದು 2020ರಲ್ಲಿ ವರದಿಯಾಯಿತು. ಇಲಿಯಿಂದ ನಮ್ಮ ಆಸ್ಪತ್ರೆಯವರೆಗೆ ದಾರಿ ಉದ್ದವಿದೆ. ಆದರೂ ಹೃದ್ರೋಗಿಯಿರುವ ಮನೆಯವರಿಗೆ ಇದು ಸಣ್ಣ ಸುದ್ದಿಯಲ್ಲ.

2022ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಕೂಡಿ, ಹಳೆಯ ಲೆಕ್ಕಕ್ಕೆ ಸೇರದ, ಆದರೆ ಜೀವಕೋಶವು ಓದುತ್ತಿರುವ 7,264 ಸೂಚನೆಗಳ ಪಟ್ಟಿ ಮಾಡಿದರು. ಅದರಲ್ಲಿ ಕಾಳೆಷ್ಟು, ಹೊಟ್ಟೆಷ್ಟು ಎಂದು ಒಂದೊಂದನ್ನೇ ಅಂಗೈಯಲ್ಲಿ ತಿಕ್ಕಿ ಊದಿ ನೋಡುತ್ತಿದ್ದಾರೆ.