ಕುರಿಗೊಬ್ಬರ, ಕೋಸು ಮತ್ತು ಲಿಸ್ಟೀರಿಯಾ ರೋಗ

ಕುರಿ, ಆಡು, ದನಗಳಿಗೆ ತಗಲುವ ರೋಗಗಳಲ್ಲಿ ಕೆಲವು ಮನುಷ್ಯರಿಗೂ ಬರುವುವೆಂಬುದು ಮಂದೆಗಳನ್ನು ಸಾಕಿ ಬಲ್ಲವರಿಗೆ ಹೊಸ ಸಂಗತಿಯಲ್ಲ. ಆದರೆ ಕುರಿಯನ್ನು ಮುಟ್ಟಿಯೂ ನೋಡದ ಪಟ್ಟಣವಾಸಿಗಳಿಗೆ, ಹೊಲದಿಂದ ಬಂದ ತರಕಾರಿಯ ಮೂಲಕ ಅಂತಹ ರೋಗವು ತಗಲಬಹುದೆಂದರೆ ಆಶ್ಚರ್ಯವೆನಿಸೀತು. ಲಿಸ್ಟೀರಿಯಾ ಎಂಬ ರೋಗಾಣುವಿನ ವಿಷಯದಲ್ಲಿ ಹೀಗೆಯೇ ನಡೆದುದುಂಟು.

ಈ ರೋಗಾಣುವನ್ನು 1926ನೆಯ ಇಸವಿಯಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜಿನ ಮರ್ರೆ, ವೆಬ್ ಮತ್ತು ಸ್ವಾನ್ ಎಂಬ ವಿದ್ವಾಂಸರು ರೋಗಪೀಡಿತವಾದ ಮೊಲಗಳಲ್ಲಿ ಕಂಡು ವರ್ಣಿಸಿದರು. ಶಸ್ತ್ರಚಿಕಿತ್ಸೆಯಲ್ಲಿ ಶುಚಿತ್ವವನ್ನು ನೆಲೆಗೊಳಿಸಿದ ಲಾರ್ಡ್ ಲಿಸ್ಟರರ ಹೆಸರನ್ನು ಮುಂದೆ ಇದಕ್ಕೆ ಇಟ್ಟರು. ಅಂತಹ ಮಹನೀಯರ ಹೆಸರು ಇಂತಹ ಜಂತುವಿಗೆ ಅಂಟಿಕೊಂಡುದು ವಿಚಿತ್ರವೇ ಸರಿ. ಇದು ಮಣ್ಣಿನಲ್ಲಿಯೂ, ಕೊಳೆತ ಸೊಪ್ಪುಸದೆಯಲ್ಲಿಯೂ, ಪಶುಗಳ ಸಗಣಿ ಹಿಕ್ಕೆಗಳಲ್ಲಿಯೂ ಇರುತ್ತದೆ. ಕುರಿಯ ಮೆದುಳಿಗೆ ಇದು ಏರಿದರೆ ಆ ಕುರಿಯು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿಕೊಂಡು ಗಾಣದ ಎತ್ತಿನಂತೆ ಒಂದೇ ದಿಕ್ಕಿಗೆ ಸುತ್ತುವುದು, ಕಿವಿ ಜೋತುಬೀಳುವುದು, ಜೊಲ್ಲು ಸುರಿಯುವುದು, ಬಹುಮಟ್ಟಿಗೆ ಕೆಲವು ದಿನಗಳಲ್ಲಿಯೇ ಸಾಯುವುದು. ಗಬ್ಬದ ಕುರಿಗಳು ಕಂದು ಹಾಕುವುದೂ ಉಂಟು. ಸುತ್ತುವ ಕುರಿಗಳಿಗೆಲ್ಲ ಇದೇ ರೋಗವೆಂದು ಹೇಳಲಾಗದು. ಮೆದುಳಿನಲ್ಲಿ ಲಾಡಿಹುಳುವಿನ ಗುಳ್ಳೆ ಬೆಳೆದರೂ ಹೀಗೆಯೇ ಆಗುವುದರಿಂದ ಪಶುವೈದ್ಯರೇ ನಿರ್ಣಯಿಸಬೇಕು. ಮೇಲುನೋಟಕ್ಕೆ ಆರೋಗ್ಯವಾಗಿರುವ ಕುರಿಯೂ ಹಿಕ್ಕೆಯಲ್ಲಿ ಈ ರೋಗಾಣುವನ್ನು ಹೊರಹಾಕುತ್ತಿರಬಹುದು. ಜಮೀನುದಾರರು ಗಮನಿಸತಕ್ಕ ಮುಖ್ಯಾಂಶವು ಇದೇ.

1981ನೆಯ ಇಸವಿಯಲ್ಲಿ ಕೆನಡಾ ದೇಶದ ಪೂರ್ವತೀರದ ನೋವಾ ಸ್ಕೋಶಿಯಾ ಮೊದಲಾದ ಪ್ರಾಂತ್ಯಗಳಲ್ಲಿ, ಮಾರ್ಚಿ ತಿಂಗಳಿಂದ ಆರು ತಿಂಗಳೊಳಗೆ 41 ಮಂದಿಗೆ ಈ ರೋಗವು ಬಂದಿತು. ಇವುಗಳಲ್ಲಿ 34 ಪ್ರಕರಣಗಳು ಗರ್ಭಿಣಿಯರಿಗೂ ಹಸುಗೂಸುಗಳಿಗೂ ಸಂಬಂಧಿಸಿದುವು. ಕೆಲವರಿಗೆ ಗರ್ಭ ಇಳಿಯಿತು. ಕೆಲವು ಶಿಶುಗಳು ಸತ್ತೇ ಹುಟ್ಟಿದುವು. ಜೀವದಿಂದ ಹುಟ್ಟಿದ ಕೂಸುಗಳಲ್ಲಿಯೂ ಹಲವು ಉಳಿಯಲಿಲ್ಲ. ಕಾರಣವನ್ನು ಹುಡುಕುತ್ತ ಹೋದ ವೈದ್ಯರಿಗೆ ರೋಗಿಯೊಬ್ಬರ ಮನೆಯ ಶೀತಪೆಟ್ಟಿಗೆಯಲ್ಲಿದ್ದ ಹಸಿ ಕೋಸಿನ ಪಚಡಿಯಲ್ಲಿ ರೋಗಾಣು ಸಿಕ್ಕಿತು. ಅಂಗಡಿಗೆ ಮಾರುವ ಆ ಪಚಡಿಯ ಒಡೆಯದ ಪೊಟ್ಟಣಗಳಲ್ಲಿಯೂ ಅದೇ ಕಂಡಿತು. ಕೋಸನ್ನು ಬೆಳೆದ ರೈತರಲ್ಲಿ ಒಬ್ಬನು ಕುರಿಮಂದೆಯನ್ನೂ ಇಟ್ಟಿದ್ದನು. ಆ ಮಂದೆಯ ಎರಡು ಕುರಿಗಳು, 1979ರಲ್ಲಿ ಒಂದು ಮತ್ತು 1981ರಲ್ಲಿ ಒಂದು, ಇದೇ ರೋಗದಿಂದ ಸತ್ತಿದ್ದುವು. ಅವುಗಳ ಗೊಬ್ಬರವನ್ನು, ಕಳಿತದ್ದನ್ನೂ ಹಸಿಯದನ್ನೂ, ಕೋಸಿನ ಹೊಲಕ್ಕೆ ಹಾಕಲಾಗಿತ್ತು. ಅಕ್ಟೋಬರಿನಲ್ಲಿ ಕೊಯ್ದ ಕೋಸು ಚಳಿಗಾಲವೆಲ್ಲ ತಣ್ಣಗಿನ ಉಗ್ರಾಣದಲ್ಲಿ ಇದ್ದಿತು. ಈ ರೋಗವು ಆಹಾರದ ಮೂಲಕ ಹರಡುವುದೆಂಬುದು ಸ್ಪಷ್ಟವಾಗಿ ಸ್ಥಾಪಿತವಾದುದು ಈ ಶೋಧನೆಯಿಂದಲೇ.

ಉಗ್ರಾಣದ ತಂಪೇ ಇಲ್ಲಿ ಕೇಡಿಗೆ ನೆರವಾಯಿತು. ಆಹಾರವನ್ನು ಕೆಡಿಸುವ ಸೂಕ್ಷ್ಮಜೀವಿಗಳಲ್ಲಿ ಬಹುಪಾಲು ಚಳಿಯಲ್ಲಿ ಹೆಚ್ಚುಕಡಿಮೆ ಸುಮ್ಮನಾಗುವುವು. ಲಿಸ್ಟೀರಿಯಾ ಹಾಗಲ್ಲ, ನೀರು ಹೆಪ್ಪುಗಟ್ಟುವ ಮಟ್ಟದ ಸಮೀಪದಿಂದ 45 ಡಿಗ್ರಿ ಸೆಂಟಿಗ್ರೇಡಿನವರೆಗೂ ಅದು ಬೆಳೆಯಬಲ್ಲುದು. ಉಪ್ಪನ್ನೂ ಬಹಳ ಮಟ್ಟಿಗೆ ಸಹಿಸುವುದು. ಪದಾರ್ಥದ ವಾಸನೆಯಾಗಲಿ ರುಚಿಯಾಗಲಿ ಕೆಡದಿದ್ದರೂ ರೋಗಾಣು ಹೆಚ್ಚಿರಬಹುದು. ಈಗ ಹಳ್ಳಿಮನೆಗಳಲ್ಲಿಯೂ ಶೀತಪೆಟ್ಟಿಗೆಗಳು ಬಂದಿರುವುದರಿಂದ, ತಣ್ಣಗಿಟ್ಟದ್ದೆಲ್ಲ ಕ್ಷೇಮವೆಂಬ ನಂಬಿಕೆಯನ್ನು ಬಿಡುವುದು ಒಳ್ಳೆಯದು. ಕಾವಿಗೆ ಮಾತ್ರ ಇದು ತಾಳದು. ಚೆನ್ನಾಗಿ ಬೇಯಿಸಿದ ಪಲ್ಯದಲ್ಲಿ, ಉಕ್ಕುವಂತೆ ಕಾಯಿಸಿದ ಹಾಲಿನಲ್ಲಿ ಇದು ಉಳಿಯುವುದಿಲ್ಲ. ಹಾಲನ್ನು ಕಾಯಿಸಿಯೇ ಕುಡಿಯುವ ನಮ್ಮ ಹೆಂಗಸರ ರೂಢಿಯು ಎಷ್ಟು ಮನೆಗಳನ್ನು ಕಾಪಾಡಿದೆಯೋ ಲೆಕ್ಕವಿಟ್ಟವರಿಲ್ಲ.

ಆರೋಗ್ಯವಂತರಿಗೆ ಇದರಿಂದ ಸ್ವಲ್ಪ ಜ್ವರ, ಭೇದಿ ಬಂದು ಹೋಗಬಹುದು. ಗರ್ಭಿಣಿಯರು, ಹಸುಗೂಸುಗಳು, ವೃದ್ಧರು ಮತ್ತು ಬೇರೆ ಕಾಯಿಲೆಯಿಂದ ನಿತ್ರಾಣರಾದವರಿಗೆ ಇದು ರಕ್ತಕ್ಕೂ ಮೆದುಳಿಗೂ ಏರುವುದು. ಹಾಗೆ ಏರಿದವರಲ್ಲಿ ಐವರಿಗೊಬ್ಬರಾದರೂ ಸಾಯುವರು. ಗರ್ಭಿಣಿಗೆ ಸಾಧಾರಣ ಜ್ವರ, ಮೈಕೈ ನೋವು ಮಾತ್ರ ಕಂಡು, ಒಳಗಿನ ಶಿಶುವಿಗೆ ಪ್ರಾಣಾಪಾಯವಾಗುವುದೇ ಇದರ ಕ್ರೌರ್ಯ. ತಿಂದ ಮೇಲೆ ರೋಗ ಕಾಣಲು ಕೆಲವೊಮ್ಮೆ ಎರಡು ತಿಂಗಳಿಗೂ ಮೇಲಾಗುವುದುಂಟು. ಬೇಗ ತಿಳಿದರೆ ಪೆನ್ಸಿಲಿನ್ ಜಾತಿಯ ಔಷಧಗಳು ಗುಣಕೊಡುತ್ತವೆ. ದಕ್ಷಿಣ ಆಫ್ರಿಕದಲ್ಲಿ 2017-18ರಲ್ಲಿ ಸಿದ್ಧ ಮಾಂಸದ ತಿನಿಸಿನಿಂದ ಸಾವಿರಕ್ಕೆ ಮೇಲ್ಪಟ್ಟು ಜನ ಕಾಯಿಲೆಬಿದ್ದು, ಇನ್ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು.

ನಮ್ಮ ಸೀಮೆಯಲ್ಲಿ ಹೊಲದಲ್ಲಿ ಕುರಿಮಂದೆಯನ್ನು ರಾತ್ರಿ ನಿಲ್ಲಿಸಿ ಗೊಬ್ಬರ ಮಾಡಿಸುವ ಪದ್ಧತಿಯು ಬಹು ಹಳೆಯದು, ಬಹು ಉತ್ತಮವಾದುದು; ಅದನ್ನು ಬಿಡಬೇಕಾದ ಕಾರಣವಿಲ್ಲ. ರಾಗಿ, ಜೋಳಗಳನ್ನು ಬೇಯಿಸಿಯೇ ತಿನ್ನುವೆವು. ಕೋಸಂಬರಿಗೆ ಹೋಗುವ ಸೌತೆ, ಗಜ್ಜರಿ, ಮೂಲಂಗಿ, ಕೊತ್ತಂಬರಿ ಸೊಪ್ಪುಗಳ ಮಡಿಗಳಿಗೆ ಮಾತ್ರ ಹಸಿ ಹಿಕ್ಕೆಯನ್ನು ಹಾಕಬಾರದು. ಮಣ್ಣಿಗೆ ತಾಗಿ ಬೆಳೆಯುವ ಇಂತಹ ಬೆಳೆಗಳಿಗೆ ಹಸಿಗೊಬ್ಬರ ಹಾಕಿದರೆ ಕೊಯ್ಲಿಗೆ 120 ದಿನಗಳಾದರೂ ಅಂತರವಿರಬೇಕೆಂದು ಅಮೆರಿಕದ ಸಾವಯವ ಕೃಷಿಯ ನಿಯಮವು ವಿಧಿಸುತ್ತದೆ. ಗುಂಡಿಯಲ್ಲಿ ತಿರುವಿಹಾಕಿ, ಒಳಗೆ ಕೈಯಿಡಲಾಗದಷ್ಟು ಕಾವೇರಿ ಆರಿದ ಗೊಬ್ಬರವಾದರೆ ಭಯ ಬಹಳ ಕಡಿಮೆ. ಅರೆಕಳಿತ ಗೊಬ್ಬರವನ್ನು ನಂಬಲಾಗದು. ಕೆನಡಾದ ರೈತನೂ ಒಂದು ಪಾಲನ್ನು ಕಳಿಸಿಯೇ ಹಾಕಿದ್ದನಷ್ಟೆ.

ರಸಮೇವು ಮಾಡುವವರು ಇನ್ನೊಂದನ್ನು ಗಮನಿಸಬೇಕು. ಮೇವು ಚೆನ್ನಾಗಿ ತುಳಿದು ಗಾಳಿಯಾಡದಂತೆ ಮುಚ್ಚಿ ಹುಳಿಯೇರಿದರೆ ಈ ರೋಗಾಣು ಅದರಲ್ಲಿ ಬೆಳೆಯದು. ಮಣ್ಣು ಬೆರೆತು, ಹೊದಿಕೆ ಹರಿದು, ಬೂಸಲು ಬಂದ ಮೇವಿನಲ್ಲಿ ಅದು ಧಾರಾಳವಾಗಿ ಹೆಚ್ಚುವುದು. ಕುರಿಗಳಿಗೆ ರೋಗವು ಬಹುಶಃ ಇದರಿಂದಲೇ ಬರುವುದು. ಅಂತಹ ಪದರವನ್ನು ತೆಗೆದು ಹೂಳಬೇಕೇ ಹೊರತು ಬಡಕಲು ಕುರಿಗಳಿಗೆ ಹಾಕಬಾರದು. ಕಂದು ಹಾಕಿದ ಕುರಿಯ ಮಾಸು, ಕಂದುಗಳನ್ನು ಬರಿಗೈಯಿಂದ ಮುಟ್ಟದೆ ಸುಣ್ಣದೊಡನೆ ಆಳವಾಗಿ ಹೂಳಬೇಕು. ಮನೆಯ ಗರ್ಭಿಣಿಯರನ್ನು ಆ ಕೆಲಸಕ್ಕೆ ಕಳುಹಿಸಲೇ ಕೂಡದು. ಗ್ರಾಮದಲ್ಲಿ ಎರಡು ಮೂರು ಕುರಿಗಳು ಒಟ್ಟಿಗೆ ಸುತ್ತತೊಡಗಿದರೆ ಅಥವಾ ಕಂದು ಹಾಕಿದರೆ ಗ್ರಾಮದ ಮುಖ್ಯಸ್ಥರು ತಡಮಾಡದೆ ಹತ್ತಿರದ ಪಶುವೈದ್ಯಶಾಲೆಗೆ ತಿಳಿಸಿ, ನಿರ್ಣಯವಾಗುವವರೆಗೆ ಆ ಮಂದೆಯನ್ನು ತರಕಾರಿ ತೋಟಗಳಲ್ಲಿ ನಿಲ್ಲಿಸದಂತೆ ನೋಡಿಕೊಳ್ಳತಕ್ಕದ್ದು.