ಚೀಲದ ಯೂರಿಯಾ ಗಾಡಿಗೆ ಆಗದು

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯವರಿಗೆ ಯೂರಿಯಾ ಅಂದರೆ ಏನೆಂದು ಹೇಳಿಕೊಡಬೇಕಿಲ್ಲ. ಕಾಲುವೆಗೆ ನೀರು ಬಂದು ಭತ್ತದ ನಾಟಿ ಮುಗಿದರೆ ಗೊಬ್ಬರದಂಗಡಿಗೆ ಓಡಾಟ ಶುರು. ಆ ಭತ್ತ, ಅಕ್ಕಿ ಹೊರುವ ಲಾರಿಗಳೂ ಈಗ ಯೂರಿಯಾ ಕೇಳುತ್ತವೆ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಹೊಸ ಲಾರಿಗಳಿಗೆ ಡೀಸೆಲ್ ಟ್ಯಾಂಕಿನ ಜೊತೆ ನೀಲಿ ಮುಚ್ಚಳದ ಇನ್ನೊಂದು ಟ್ಯಾಂಕ್ ಸೇರಿತು. ತಪ್ಪು ತಿಳಿವಳಿಕೆಯೂ ಅದರ ಜೊತೆಗೇ ಬಂತು.

ಕಲ್ಪನೆ: “ಅದ್ರಾಗೇನೈತ್ರೀ, ಯೂರಿಯಾ, ನೀರು ಅಷ್ಟ. ಚೀಲದಾಗಿಂದು ಕಲಸಿ ಹಾಕಿದ್ರಾತು.”

ಸತ್ಯ: ಆ ಟ್ಯಾಂಕಿಗೆ ಹಾಕುವ ಆಡ್‌ಬ್ಲೂ ಎನ್ನುವ ದ್ರಾವಣದಲ್ಲಿ ಶೇ 32.5 ಯೂರಿಯಾ, ಉಳಿದದ್ದು ಲವಣ ತೆಗೆದ ನೀರು. ಇಷ್ಟರ ಮಟ್ಟಿಗೆ ಮಾತು ನಿಜ. ಆದರೆ 2015ರಿಂದ ನಮ್ಮ ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪನ ಕಡ್ಡಾಯ. ಗದ್ದೆಯಲ್ಲಿ ಸಾರಜನಕ ಬೇಗ ಪೋಲಾಗದಂತೆ ಕಾಯುವ ಅದೇ ಎಣ್ಣೆ ಗಾಡಿಯ ಸಣ್ಣ ನಾಜಲ್‌ನಲ್ಲಿ ಕಟ್ಟಿಕೊಳ್ಳುತ್ತದೆ. ಬೈಯುರೆಟ್ ಎಂಬ ಕಲ್ಮಶ ಗೊಬ್ಬರದಲ್ಲಿ ಶೇ 1.5ರವರೆಗೆ ಇರಬಹುದು; ಆಡ್‌ಬ್ಲೂನಲ್ಲಿ ಶೇ 0.3 ಮೀರುವಂತಿಲ್ಲ. ಬೋರ್‌ವೆಲ್ ನೀರಿನ ಸುಣ್ಣದಂಶವೂ ಸೇರಿದರೆ ಪೈಪಿನೊಳಗೆ ಬಿಳಿ ಹರಳು ಕಟ್ಟುತ್ತದೆ. ಹೊಗೆ ಸರಿಯಾಗಿ ಶುದ್ಧವಾಗದ್ದನ್ನು ಸೆನ್ಸರ್ ಗುರುತಿಸಿ ದೀಪ ಹಚ್ಚುತ್ತದೆ; ಆಗಲೂ ಸರಿಪಡಿಸದಿದ್ದರೆ ಇಂಜಿನ್ ಎಳೆತವೇ ತಗ್ಗುತ್ತದೆ. ಲೋಡ್ ಗಾಡಿ ದಾರಿಯಲ್ಲೇ ಏದುಸಿರು ಬಿಡುತ್ತದೆ. ಸಬ್ಸಿಡಿ ಚೀಲವನ್ನು ಹೀಗೆ ಬಳಸುವುದು ಅಪರಾಧವೂ ಹೌದು. ನಾಟಿ ಹೊತ್ತಿನಲ್ಲಿ ಒಂದು ಚೀಲಕ್ಕೆ ಅಲೆಯುವ ರೈತನ ಪಾಲನ್ನು ಲಾರಿಗೆ ಸುರಿಯುವುದು ನನಗಂತೂ ಒಪ್ಪಿಗೆಯಾಗದ ಮಾತು.

ಕಲ್ಪನೆ: ಸೈಲೆನ್ಸರ್‌ನಿಂದ ಕಪ್ಪು ಹೊಗೆ ಬರದಿದ್ದರೆ ಗಾಡಿ ಶುದ್ಧ; ಯೂರಿಯಾ ಸುಮ್ಮನೆ ಖರ್ಚು.

ಸತ್ಯ: ಕಣ್ಣಿಗೆ ಕಾಣುವುದು ಮಸಿ. ಇಂಜಿನ್ನಿನ ಬಿಸಿಗೆ ಗಾಳಿಯಲ್ಲಿನ ಸಾರಜನಕ, ಆಮ್ಲಜನಕ ಕೂಡಿ ಹುಟ್ಟುವ ನೈಟ್ರೋಜನ್ ಆಕ್ಸೈಡ್‌ಗಳು ಕಾಣದೆಯೇ ಎದೆಗೆ ಇಳಿಯುತ್ತವೆ. ಆಡ್‌ಬ್ಲೂ ಡೀಸೆಲ್‌ಗೆ ಬೆರೆಯುವುದಿಲ್ಲ. ಬಿಸಿ ಹೊಗೆಯ ಮೇಲೆ ಸಿಂಪಡಣೆಯಾಗಿ ಅಮೋನಿಯಾ ಆಗುತ್ತದೆ. ಮುಂದಿನ ಡಬ್ಬಿಯ ಕ್ಯಾಟಲಿಸ್ಟ್ ಮೇಲೆ ಅದು ಆ ಅನಿಲಗಳನ್ನು ಮುರಿಯುತ್ತದೆ. ಹೊರಬೀಳುವುದು ಸಾರಜನಕ, ನೀರಾವಿ. ನೂರು ಲೀಟರ್ ಡೀಸೆಲ್‌ಗೆ ಸುಮಾರು 3ರಿಂದ 5 ಲೀಟರ್ ಸಾಕು.

ಕಲ್ಪನೆ: ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಕಿತ್ತುಹಾಕಿದರೆ ಕಿರಿಕಿರಿ ತಪ್ಪುತ್ತದೆ.

ಸತ್ಯ: ತಪ್ಪು ಡಿಪಿಎಫ್‌ನದಲ್ಲ, ಓಡಿಸುವ ಬಗೆಯದು. ಅದು ಕಟ್ಟಿಕೊಳ್ಳಲು ಮುಖ್ಯ ಕಾರಣ ನಿಂತು ನಿಂತು ಓಡುವ ಸಣ್ಣ ಟ್ರಿಪ್‌ಗಳು. ಹಿಡಿದ ಮಸಿಯನ್ನು ಅದು ಸುಮಾರು 600 ಡಿಗ್ರಿ ಬಿಸಿಯಲ್ಲಿ ತಾನೇ ಸುಟ್ಟುಕೊಳ್ಳುತ್ತದೆ. ಆ ಬಿಸಿಗೆ ಹೆದ್ದಾರಿಯ ನಿರಂತರ ಓಟ ಬೇಕು. ಹಾಗೆ ಸುಡುವಾಗ, ಸುಟ್ಟ ಮೇಲೂ ಸ್ವಲ್ಪ ಹೊತ್ತು, ಗಾಡಿಯನ್ನು ಒಣ ಭತ್ತದ ಹುಲ್ಲಿನ ಮೇಲೆ ನಿಲ್ಲಿಸಬೇಡಿ. ಕೊಯ್ಲು ಮುಗಿದ ಗದ್ದೆ ಬದಿಯಲ್ಲಿ ಲೋಡ್ ಮಾಡುವವರು ಇದನ್ನು ನೆನಪಿಡಬೇಕು. ಹುಲ್ಲು ಹೊತ್ತಿಕೊಳ್ಳಲು ಅಷ್ಟು ಬಿಸಿ ಧಾರಾಳ.

ಇನ್ನು, ಅವಸರದಲ್ಲಿ ಆಡ್‌ಬ್ಲೂವನ್ನು ಡೀಸೆಲ್ ಟ್ಯಾಂಕಿಗೆ ಸುರಿದಿದ್ದರೆ ಕೀ ಕೂಡ ತಿರುಗಿಸಬೇಡಿ. ತಿರುಗಿಸಿದರೆ ಪಂಪ್ ಅದನ್ನು ಇಂಜೆಕ್ಟರ್‌ವರೆಗೂ ಎಳೆಯಬಹುದು. ಅಷ್ಟರೊಳಗೆ ಟ್ಯಾಂಕ್ ಖಾಲಿ ಮಾಡಿ ತೊಳೆಸಿದರೆ ಇಂಜೆಕ್ಟರ್ ಉಳಿಯುತ್ತದೆ.